ಹೊಳಬಸಪ್ಪನವರು ಬಗ್ಗಿ ಕೂತ ಸೋಮವಾರ

ಗುಳೇದಗುಡ್ಡದ ಖಣದ ವ್ಯಾಪಾರಿ ಹೊಳಬಸಪ್ಪನವರ ಮೈಯೊಳಗೆ ಒಂದು ಪಿಸ್ತೂಲಿನ ಗುಂಡು ಸುಮಾರು ನಾಲ್ಕು ಗಂಟೆಗಳ ಕಾಲ ವಾಸವಾಗಿತ್ತು. ಪುಣೆಯಲ್ಲಿ ಒಮ್ಮೆ ಒಳಗೆ ಬಂದ ಬಾಡಿಗೆದಾರ ಇಷ್ಟು ಬೇಗ ಜಾಗ ಖಾಲಿ ಮಾಡಿದ ಇನ್ನೊಂದು ಉದಾಹರಣೆ ಇಲ್ಲ. ಗುಂಡು ಅವರ ಗುಂಡಿಗೆಗೆ ತಾಗಲಿಲ್ಲ, ಕೋಟಿನ ಗುಂಡಿಗೂ ತಾಗಲಿಲ್ಲ. ತಾಗಿದ್ದು ಅವರ ಸೋಮವಾರಕ್ಕೆ.

ಆ ಸೋಮವಾರದ ಬೇರು ೧೯೨೦ರಲ್ಲಿದೆ. ಆ ವರ್ಷ ಹೊಳಬಸಪ್ಪನವರು ವಿಷಮಶೀತ ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದ್ದರು. ಇಪ್ಪತ್ತೆರಡನೆಯ ದಿನ ಕಣ್ಣು ಬಿಟ್ಟು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದರು. ಹೆಂಡತಿ ಪಾರವ್ವನವರು ಗಂಜಿ ಕುಡಿಸುತ್ತ, ಜ್ವರ ಇಳಿದದ್ದು ಹೇಗೆ ಎಂಬುದನ್ನು ತಿಳಿಸಿದರು. ಹನ್ನೊಂದು ವರ್ಷ ಪ್ರತಿ ಸೋಮವಾರ, ಸಂಜೆಯ ಲಿಂಗಪೂಜೆ ಮುಗಿಯುವವರೆಗೆ, ಬಾಯಿಗೆ ಹನಿ ನೀರೂ ಹಾಕದೆ ಉಪವಾಸ ಇರುವುದಾಗಿ ಹರಕೆಯಾಗಿತ್ತು. ಹರಕೆ ಹೇಳಿಕೊಂಡವರು ಪಾರವ್ವ, ಉಪವಾಸ ಇರಬೇಕಾದವರು ಹೊಳಬಸಪ್ಪ. ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದವರಿಗೆ ತಕರಾರು ಎತ್ತಲು ಬರುವಂತಿರಲಿಲ್ಲ.

ಮೊದಲ ವರ್ಷ ಅವರು ಪ್ರಾಮಾಣಿಕವಾಗಿ ಹಸಿದರು. ಪುಣೆಯ ರವಿವಾರ ಪೇಠೆಯಲ್ಲಿದ್ದ ತಮ್ಮ ಅಂಗಡಿಯಲ್ಲಿ ಕೂತು, ಕುಪ್ಪಸಕ್ಕೆಂದು ತ್ರಿಕೋನವಾಗಿ ಮಡಚಿಟ್ಟ ಖಣಗಳನ್ನು ನೋಡುತ್ತ, ಅವೆಲ್ಲ ಕರಿದ ಸಮೋಸಗಳಂತೆ ಕಂಡರೂ ಕದಲಲಿಲ್ಲ. ಎರಡನೆಯ ವರ್ಷ ವ್ಯಾಪಾರದ ನೆಪದಲ್ಲಿ ಸೋಮವಾರಕ್ಕೊಮ್ಮೆ ಊರಾಚೆಯ ದಂಡಿನ ಬೀಡು ಕ್ಯಾಂಪಿನ ಅಂಗಡಿಗಳಿಗೆ ಖಣ ತೋರಿಸಲು ಹೋಗತೊಡಗಿದರು. ಕ್ಯಾಂಪಿನಲ್ಲಿ ಕುಂದಾಪುರ ಕಡೆಯ ರಘುರಾಮ ಎಂಬವರು ಹೊಸದಾಗಿ ಹೋಟೆಲು ತೆರೆದಿದ್ದರು. ಈರುಳ್ಳಿ ಭಜಿಯ ವಾಸನೆ ರಸ್ತೆಯವರೆಗೂ ಬಂದು ಗಿರಾಕಿಯ ಕೈಹಿಡಿದು ಒಳಗೆ ಕರೆದೊಯ್ಯುತ್ತಿತ್ತು. ಹೊಳಬಸಪ್ಪನವರೂ ಹೋದರು. ಅಲ್ಲಿಂದ ಮುಂದಿನ ಹತ್ತು ವರ್ಷ ಉಪವಾಸ ಹೋಗಿ ಉಪಾಹಾರವಾಯಿತು. ಎರಡರಲ್ಲೂ ‘ಉಪ’ ಇರುವುದರಿಂದ ಶಿವನು ಅರ್ಧವನ್ನಾದರೂ ಜಮೆ ಹಿಡಿದಾನು ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ಆದರೆ ತಿನ್ನುವುದು ಸುಲಭವಿರಲಿಲ್ಲ. ಪೇಠೆಯವರು ಯಾರಾದರೂ ಕ್ಯಾಂಪಿಗೆ ಬಂದರೆ ಎಂಬ ಭಯ. ಅದಕ್ಕಾಗಿ ರಘುರಾಮರು ಹಿಂದಿನ ಕೋಣೆಯಲ್ಲಿ ಹಲಗೆಯ ಗೋಡೆಗೆ ಒತ್ತಿಕೊಂಡಂತೆ ಒಂದು ಬೆಂಚು ಹಾಕಿಸಿಕೊಟ್ಟಿದ್ದರು. ಆ ಕೋಣೆಗೂ ರಸ್ತೆಯ ಕಡೆ ಒಂದು ಕಿಟಕಿ ಇತ್ತು. ಕಿಟಕಿಯ ಮಟ್ಟಕ್ಕಿಂತ ಕೆಳಗಿರಬೇಕೆಂದು ಹೊಳಬಸಪ್ಪನವರು ಬೆನ್ನನ್ನು ಹಲಗೆಯ ಕಡೆ ಮಾಡಿ, ನೆಲದ ಮೇಲೆ ಬಿದ್ದ ಕಾಸು ಹುಡುಕುವವರಂತೆ ಸೊಂಟದಲ್ಲಿ ಎರಡಾಗಿ ಮಡಚಿಕೊಂಡು, ಮೊಣಕಾಲಿನ ಹತ್ತಿರ ತಟ್ಟೆ ಹಿಡಿದು ತಿನ್ನುತ್ತಿದ್ದರು. ಎಡ ಅಂಗೈ ಗದ್ದದ ಕೆಳಗೆ, ಪುಡಿ ಉದುರದಂತೆ. ತಿನ್ನಲು ಕೂರುವ ಮೊದಲೇ ನಾಲ್ಕು ಭಜಿ ಕಾಗದದಲ್ಲಿ ಸುತ್ತಿಸಿಕೊಂಡು ಕೋಟಿನ ಎಡಗಡೆಯ ಜೇಬಿಗೆ ಹಾಕಿಕೊಳ್ಳುವುದಿತ್ತು, ಮೂರು ಗಂಟೆಯ ಹಸಿವಿಗೆ.

ಇತ್ತ ಪೇಠೆಯಲ್ಲಿ ಅವರ ಕೀರ್ತಿ ಬೆಳೆಯಿತು. ಗಂಡಸರು ಹೊಟ್ಟೆ ಕಟ್ಟದ ಮನೆಗಳಲ್ಲಿ ಹೆಂಗಸರು ಹೊಳಬಸಪ್ಪನವರ ಹೆಸರು ಹೇಳಿ ಹಂಗಿಸುತ್ತಿದ್ದರು. ವಾರವಾರವೂ ಉಪವಾಸ ಇದ್ದವರು ವರ್ಷವರ್ಷವೂ ದಪ್ಪಗಾಗುತ್ತಿದ್ದದ್ದು ಮಾತ್ರ ಯಾರಿಗಾದರೂ ಅನುಮಾನ ತರಬೇಕಿತ್ತು. ಪಾರವ್ವನವರು ಅದನ್ನು ತೇಜಸ್ಸು ಎಂದರು. ತೇಜಸ್ಸು ಹೊಟ್ಟೆಯ ಸುತ್ತ ಎರಡು ಮಡಿಕೆಯಾಗಿ, ಬೆನ್ನಿನ ಮೇಲೆ ಒಂದು ದಿಂಬಾಗಿ ಕೂತಿತ್ತು.

೧೯೩೧ರ ಶ್ರಾವಣದ ಕೊನೆಯ ಸೋಮವಾರ ಹರಕೆಯ ಕೊನೆಯ ದಿನ. ಸಂಜೆ ಉದ್ಯಾಪನೆ; ಹನ್ನೊಂದು ಜನ ಜಂಗಮರಿಗೆ ಊಟ, ಹೊಳಬಸಪ್ಪನವರಿಗೆ ಶಾಲು. ಪಾರವ್ವನವರು ಬೆಳಗಿನಿಂದ ಹೋಳಿಗೆಗೆ ಹೂರಣ ರುಬ್ಬುತ್ತಿದ್ದರು. ಪಕ್ಕದ ಮನೆಯ ಗೌರಾಬಾಯಿ ಬೇಳೆ ಬಸಿಯುತ್ತಿದ್ದರು.

“ಕಡೀ ಸೋಮವಾರ ಅದರೀ. ಇವತ್ತರ ಮನ್ಯಾಗ ಇರ್ರಿ,” ಎಂದರು ಪಾರವ್ವ.

“ಕ್ಯಾಂಪಿನ್ಯಾವ್ರು ಕಾಯ್ತಿರ್ತಾರ,” ಎಂದು ಕೋಟು ಹಾಕಿಕೊಂಡರು ಹೊಳಬಸಪ್ಪ. ಕಾಯುತ್ತಿದ್ದದ್ದು ನಿಜ. ಕೊನೆಯ ಸೋಮವಾರವೆಂದು ರಘುರಾಮರು ಒಂದು ತಟ್ಟೆ ಹೆಚ್ಚಿಗೆ ಕರಿದಿದ್ದರು.

ಆ ಹಲಗೆ ಗೋಡೆಯ ಆಚೆ ಮಾರ್ತಾಂಡನ ಬಂದೂಕು ರಿಪೇರಿ ಅಂಗಡಿ. ಯಾರೋ ನಿವೃತ್ತ ಸಾಹೇಬರ ಪಿಸ್ತೂಲು ತೊಳೆಯಲು ಬಂದಿತ್ತು. ಅದನ್ನು ತಂದ ಆಳು “ರಿಕಾಮಂ ಆಹೇ” ಎಂದ, ಖಾಲಿ ಇದೆ ಎಂದು. ಮಾರ್ತಾಂಡ ಅದನ್ನು ನಂಬಿ, ತನ್ನ ಮೇಜಿನ ಮೇಲೆ ಅಡ್ಡ ಇಟ್ಟು ಒರೆಸಿದ. ಇಪ್ಪತ್ತು ವರ್ಷಗಳಲ್ಲಿ ತಾನು ನೋಡಿದ ಖಾಲಿ ಪಿಸ್ತೂಲುಗಳಲ್ಲೆಲ್ಲ ಅಷ್ಟು ತುಂಬಿದ್ದು ಅದೊಂದೇ ಎಂದು ಅವನು ಮುಂದೆ ಫೌಜದಾರರಿಗೆ ಬರೆಸಿದ.

ಹನ್ನೊಂದೂವರೆಯ ಸುಮಾರಿಗೆ ಗುಂಡು ಹಾರಿತು. ಹಲಗೆಗೆ ತೂತು ಬಿದ್ದು, ಸೊಂಟದ ಹಿಂದೆ ಜೋತಿದ್ದ ಕೋಟಿನ ಜೇಬಿಗೆ ತೂತು ಬಿದ್ದು, ಜೇಬಿನ ಭಜಿಗೆ ತೂತು ಬಿದ್ದು, ಕಡೆಗೆ ಹೊಳಬಸಪ್ಪನವರಿಗೆ ಬಿತ್ತು. ಎಡ ಸೊಂಟದ ಮೇಲೆ ಯಾರೋ ಒದ್ದಂತಾಯಿತು. ಆಮೇಲೆ ಬಿಸಿ. ಕೈ ಹಚ್ಚಿ ನೋಡಿದರೆ ಕೆಂಪು.

ರಘುರಾಮರು ಓಡಿ ಬಂದರು. “ಅಯ್ಯೋ ದೇವರೇ, ರಕ್ತ ಮಾರಾಯ್ರೆ. ಅಲ್ಲೇ ಮಲಗಿ, ಅಲುಗಾಡಬೇಡಿ.”

“ನೀರು ತರ್ರಿ,” ಎಂದರು ಹೊಳಬಸಪ್ಪ ಕ್ಷೀಣವಾಗಿ.

ರಘುರಾಮರು ಕುಡಿಯಲು ತಂದರು. ಹೊಳಬಸಪ್ಪನವರು ಅದರಲ್ಲಿ ಮೊದಲು ಕೈ ತೊಳೆದರು. ಆಮೇಲೆ ಬಾಯಿ ಮುಕ್ಕಳಿಸಿದರು. ಆಮೇಲೆ ಮೀಸೆ ಒರೆಸಿಕೊಂಡರು. ಮೈಯೊಳಗೆ ಗುಂಡು ಇಟ್ಟುಕೊಂಡು ಇಷ್ಟು ಶುಚಿಯಾಗಿದ್ದ ಮನುಷ್ಯನನ್ನು ರಘುರಾಮರು ನೋಡಿರಲಿಲ್ಲ.

“ಈಗ ಕೋಟು ತಗೀರಿ. ಕಿಸೆದಾಗ ಭಜಿ ಅದಾವ. ಕೋಟು ಇಲ್ಲೇ ಮುಚ್ಚಿಡ್ರಿ. ನನ್ನ ಹೊರಗ ರಸ್ತಾದಾಗ ಒಯ್ದು ಮಲಗಸ್ರಿ. ಮಾರ್ತಾಂಡನ ಅಂಗಡಿ ಮುಂದ ಸುಮ್ಮನ ನಿಂತಿದ್ದೆ ಅಂತ ಹೇಳ್ರಿ. ಬೆನ್ನು ಅಂಗಡೀ ಕಡೆ ಇತ್ತು ಅನ್ರಿ.”

“ಜೀವ ಮುಖ್ಯವಾ, ಜಾಗ ಮುಖ್ಯವಾ ಮಾರಾಯ್ರೆ?”

“ಜೀವಾ ಹೋದ್ರ ಒಮ್ಮೆ ಹೋಗತೈತಿ. ಇದು ಗೊತ್ತಾದ್ರ ದಿನಾ ಹೋಗತೈತಿ.”

ಮದುವೆಯಾದ ರಘುರಾಮರಿಗೆ ಈ ವಾದದಲ್ಲಿ ಎಲ್ಲೂ ತಪ್ಪು ಕಾಣಿಸಲಿಲ್ಲ. ಇಬ್ಬರು ಕೆಲಸದವರನ್ನು ಕರೆದು ಹೊಳಬಸಪ್ಪನವರನ್ನು ಎತ್ತಿಸಿ ರಸ್ತೆಯ ಬದಿಗೆ ಮಲಗಿಸಿದರು, ಪಕ್ಕದಲ್ಲಿ ಖಣದ ಗಂಟು ಇಟ್ಟರು, ಆಮೇಲೆ ಕೂಗಿಕೊಂಡರು. ಹೆದರಿ ಬಿಳಿಚಿಕೊಂಡಿದ್ದ ಮಾರ್ತಾಂಡ ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಹೌದು ಎನ್ನುವ ಸ್ಥಿತಿಯಲ್ಲಿದ್ದ. ಟಾಂಗಾ ಬಂತು. ದಾರಿಯುದ್ದಕ್ಕೂ ಹೊಳಬಸಪ್ಪನವರು, “ಎಡಗಡೆ ಭುಜಾ ಭಾಳ ನೋಯಾಕತ್ತದ,” ಎಂದು ನರಳುತ್ತಿದ್ದರು. ಸೊಂಟಕ್ಕೆ ಗುಂಡು ಬಿದ್ದವರು ಭುಜದ ಮಾತಾಡುವುದು ಹೆದರಿಕೆಯಿಂದ ಎಂದು ರಘುರಾಮರು ತಿಳಿದರು.

ದವಾಖಾನೆಯ ದೊಡ್ಡ ಡಾಕ್ಟರು ಅಪ್ಪಾಸಾಹೇಬರು ಬೆಳಗಾವಿ ಕಡೆಯವರು. ಮಹಾಯುದ್ಧದಲ್ಲಿ ಬಸ್ರಾದವರೆಗೂ ಹೋಗಿ, ಗುಂಡು ಬಿದ್ದವರನ್ನು ನೂರುಗಟ್ಟಲೆ ನೋಡಿ ಬಂದವರು. ಎಕ್ಸರೇ ಯಂತ್ರ ಕೆಟ್ಟು ಮುಂಬಯಿಗೆ ಹೋಗಿತ್ತು, ಅಪ್ಪಾಸಾಹೇಬರ ಕಣ್ಣು ಮಾತ್ರ ಊರಲ್ಲೇ ಇತ್ತು. ಅವರು ಗಾಯದ ಸುತ್ತ ನಾಲ್ಕು ಬೆರಳು ಆಡಿಸಿ ಹೊರಗೆ ಬರುವಷ್ಟರಲ್ಲಿ, ಸುದ್ದಿ ಮುಟ್ಟಿ, ಪಾರವ್ವನವರು ಗೌರಾಬಾಯಿಯ ಜೊತೆ ಅಲ್ಲಿ ನಿಂತಿದ್ದರು. ಕೈಗೆ ಇನ್ನೂ ಹೂರಣ ಮೆತ್ತಿತ್ತು.

ಬಂದವರು ಅಳಲಿಲ್ಲ. ದವಾಖಾನೆಯ ಜಗಲಿಯಲ್ಲಿ ನಿಂತು, ಕತ್ತಿನ ಲಿಂಗವನ್ನು ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಶಿವನೊಡನೆ ಮಾತಾಡಿದರು.

“ಶಿವನ, ಇವರು ಉಳೀಬೇಕು. ನೀ ಇವರನ್ನ ಯಾವ ಜಾಗಾದಾಗ, ಹೆಂಗಿದ್ದಾಗ, ಏನ ಮಾಡ್ತಿದ್ದಾಗ ಕಾಯ್ದಿಯೋ, ಇನ್ನ ಹನ್ನೊಂದ ವರ್ಷ ಸೋಮವಾರಕ್ಕೊಮ್ಮೆ ಅದ ಜಾಗಾದಾಗ, ಹಂಗ ಇರಿಸಿ, ಅದನ್ನ ಮಾಡಿಸಿ, ನಿನ್ನ ಸೇವಾ ಸಲ್ಲಸ್ತೀನಿ.”

ಖಣದ ಗಂಟು ಹೊತ್ತು, ಉಪವಾಸದ ಮೈಯಲ್ಲಿ, ಬಿಸಿಲಿನ ರಸ್ತೆಯಲ್ಲಿ ನೆಟ್ಟಗೆ ನಿಂತ ಗಂಡ ಅವರ ಕಣ್ಣಮುಂದಿದ್ದ. ಶಿವನಿಗೆ ಕನ್ನಡದಲ್ಲಿ ಹೇಳಿದ್ದನ್ನು ಅವರು ಗೌರಾಬಾಯಿಗೆ ಮರಾಠಿಯಲ್ಲೂ ಹೇಳಿದರು. ಹೀಗೆ ಹರಕೆಗೆ ಮೇಲೊಬ್ಬ, ಕೆಳಗೊಬ್ಬರು, ಎರಡು ಭಾಷೆಗಳಲ್ಲಿ ಸಾಕ್ಷಿಗಳಾದರು.

ಅಪ್ಪಾಸಾಹೇಬರು ಆ ಮಾತು ಮುಗಿಯುವವರೆಗೆ ಕಾದು, ಹೇಳಿದರು:

“ತಾಯಿ, ಗುಂಡಿನ ಗಾಯದಾಗ ನಾ ಕೇಳೋದು ಎರಡ ಪ್ರಶ್ನಾ. ಬಡದಾಗ ಮನಿಷ್ಯಾ ಹೆಂಗಿದ್ದಾ? ಕಡೀಗೆ ತಿಂದದ್ದು ಯಾವಾಗ? ಇವಕ್ಕ ಖರೇ ಉತ್ತರಾ ಸಿಕ್ರ ಅರ್ಧಾ ಕೆಲಸಾ ಆದಂಗ.”

“ನಿಂತಿದ್ರಂತ್ರಿ. ಉಂಡದ್ದು ನಿನ್ನಿ ಸಂಜೀಕ. ಇವತ್ತ ಸೋಮವಾರ್ರೀ. ಹನ್ನೊಂದ ವರ್ಷಾತು, ಸೋಮವಾರ ಇವರ ಬಾಯಿಗೆ ಹನಿ ನೀರ ಸುದ್ದಾ ಹೋಗಿಲ್ಲ.” ಪಾರವ್ವನವರ ದನಿಯಲ್ಲಿ ಅಂಥ ಹೊತ್ತಿನಲ್ಲೂ ಒಂದು ಗತ್ತು ಇತ್ತು.

“ಛಲೋ ಆತು. ಖಾಲಿ ಹೊಟ್ಟಿಗೆ ಗುಂಡು ಬಡದವ್ರು ಜಾಸ್ತಿ ಉಳೀತಾರ. ಕರುಳಾಗ ಏನಾರ ಇದ್ರ ಅದು ಹೊಟ್ಟ್ಯಾಗ ಚೆಲ್ಲಿ ನಂಜ ಆಗತದ. ಇದ್ದದ್ದರೊಳಗ ಸುದೈವ.”

ಬಾಗಿಲಲ್ಲಿ ನಿಂತಿದ್ದ ರಘುರಾಮರು ಎರಡು ತಟ್ಟೆ ಭಜಿಯನ್ನು ನೆನೆದು ಗೋಡೆ ಹಿಡಿದುಕೊಂಡರು.

ಡಾಕ್ಟರು ಒಳಗೆ ಹೋಗಿ ಗಾಯವನ್ನು ತೊಳೆದು, ಚಿಮಟ ಹಾಕಿ ನೋಡತೊಡಗಿದರು. ಮೊದಲು ಅಂಗಿಯ ಚೂರು ಬಂತು. ಅದನ್ನು ತಟ್ಟೆಯಲ್ಲಿಟ್ಟರು. ಗುಂಡು ತಾನೊಂದೇ ಬರುವುದಿಲ್ಲ, ದಾರಿಯಲ್ಲಿ ಸಿಕ್ಕ ಬಟ್ಟೆಯನ್ನೆಲ್ಲ ಒಳಗೆ ಕರೆತರುತ್ತದೆ, ಆಮೇಲೆ ಕೊಳೆತು ಕೊಲ್ಲುವುದು ಅದೇ ಎಂದು ಪಕ್ಕದ ನರ್ಸಿಗೆ ಹೇಳಿದರು. ಮತ್ತೆ ಚಿಮಟ ಇಳಿಸಿದರು. ಈ ಸಲ ಬಂದದ್ದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂಸಿದರು.

“ತಾಯಿ, ಒಳಗ ಬರ್ರಿ. ನಿಮ್ಮ ಮನ್ಯಾಗ ಉಳ್ಳಾಗಡ್ಡಿ ತಿಂತೀರೇನು?”

“ಶ್ರಾವಣದಾಗ ಉಳ್ಳಾಗಡ್ಡಿ ಹೊಸ್ತಿಲಾ ಸುದ್ದಾ ದಾಟಂಗಿಲ್ರೀ.”

“ನೋಡ್ರಿ ಇದು. ಕರದ ಉಳ್ಳಾಗಡ್ಡಿ. ಗಾಯದಾಗಿಂದ ಬಂತು.”

ಪಾರವ್ವ ನೋಡಿದರು. ಅದು ಈರುಳ್ಳಿಯೇ, ಹೊಂಬಣ್ಣಕ್ಕೆ ಕರಿದದ್ದು. ಮಲಗಿದ್ದ ಹೊಳಬಸಪ್ಪನವರು ಕಣ್ಣು ಮುಚ್ಚಿಕೊಂಡರು.

“ಪಿಸ್ತೂಲ್ನ್ಯಾಗ ಯಾರೂ ಉಳ್ಳಾಗಡ್ಡಿ ತುಂಬಂಗಿಲ್ಲ,” ಎಂದರು ಅಪ್ಪಾಸಾಹೇಬರು. “ಹೊರಗಿಂದ ಬಂದಿಲ್ಲಂದ್ರ ಒಳಗಿಂದ ಬರಬೇಕು. ಒಳಗಿಂದ ಬಂತಂದ್ರ ಕರುಳು ಹರದದ. ನಿಂತಾಗ ಹಿಂದಿಂದ ಬಡದದ, ಮುಂದ ಹೊರಗ ಬಂದಿಲ್ಲ, ಅಂದ್ರ ಗುಂಡು ಹೊಟ್ಟ್ಯಾಗ ಅದ. ಮ್ಯಾಲೆ ಎಡಗಡೆ ಭುಜಾ ನೋಯ್ತದಂತಾರ. ಹೊಟ್ಟ್ಯಾಗ ರಕ್ತಾ ತುಂಬಿದ್ರ ಭುಜಾ ನೋಯ್ತದ, ಬಸ್ರಾದಾಗ ಭಾಳ ಮಂದೀದು ನೋಡೀನಿ. ಎಲ್ಲಾ ಒಂದಕ್ಕೊಂದು ಕೂಡತದ. ಹೊಟ್ಟಿ ಬಿಚ್ಚಬೇಕು, ಈಗಿಂದೀಗ.”

“ಬಿಚ್ಚಿದ್ರ ಉಳೀತಾರೇನ್ರಿ?”

“ಹತ್ತ ಮಂದೀದ ಬಿಚ್ಚಿದ್ರ ನಾಕ ಮಂದಿ ನಡಕೊಂಡ ಮನೀಗೆ ಹೋಗ್ಯಾರ.” ಅವರು ಕೈ ತೊಳೆಯಲು ಹೊರಟರು. “ಕ್ಲೋರೋಫಾರ್ಮ್ ತರ್ರಿ.”

ಹತ್ತರಲ್ಲಿ ನಾಲ್ಕು. ಹೊಳಬಸಪ್ಪನವರು ಕಣ್ಣು ಮುಚ್ಚಿಕೊಂಡೇ ತೂಗಿ ನೋಡಿದರು. ವ್ಯಾಪಾರಿಯ ಬುದ್ಧಿಗೆ ನಾಲ್ಕು ತೀರ ಕಡಿಮೆ ಎನಿಸಲಿಲ್ಲ. ನಿಜ ಹೇಳಿದರೆ ಪಾರವ್ವನವರ ಕೈಯಲ್ಲಿ ಉಳಿಯುವುದು ಹತ್ತರಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರು. ಎರಡರ ಮೇಲೆ ಹೋಗಲಿಲ್ಲ. ಆದರೆ ಸತ್ತರೆ ಹೊಟ್ಟೆ ಬಿಚ್ಚಿದಾಗ ಎರಡು ತಟ್ಟೆ ಭಜಿ ಹೇಗೂ ಹೊರಬೀಳುತ್ತದೆ. ಉತ್ತರ ಕೊಡಲು ತಾವೇ ಇರುವುದಿಲ್ಲ. ಪಾರವ್ವ ಒಬ್ಬರೇ ಹನ್ನೊಂದು ಜಂಗಮರ ಮುಂದೆ ನಿಲ್ಲಬೇಕಾಗುತ್ತದೆ. ಈ ಕೊನೆಯದು ಅವರಿಗೆ ಗುಂಡಿಗಿಂತ ಆಳಕ್ಕೆ ಇಳಿಯಿತು.

ನರ್ಸು ಮೂಗಿನ ಹತ್ತಿರ ಬಟ್ಟೆ ತಂದಳು.

“ನರ್ಸಬಾಯಿ, ಸ್ವಲ್ಪ ತಡೀರಿ,” ಎಂದರು ಹೊಳಬಸಪ್ಪನವರು. “ಡಾಕ್ಟರ್ ಸಾಹೇಬ್ರ, ಹೊಟ್ಟಿ ತುಂಬ ತಿಂದವ್ರಿಗೆ ಈ ಔಷಧಾ ನಡೀತದೇನ್ರಿ?”

ಅಪ್ಪಾಸಾಹೇಬರು ಸಾಬೂನಿನ ಕೈಯಲ್ಲೇ ತಿರುಗಿದರು. “ವಾಂತಿಯಾಗಿ ಉಸುರು ಕಟ್ಟಿ ಸಾಯ್ತಾರ. ಯಾಕ?”

“ಸುಮ್ಮನ ಕೇಳಿದೆ.”

“ಸುಮ್ಮನ ಕೇಳೋ ಹೊತ್ತಲ್ಲಿದು.”

ಪಾದ್ರಿಗಳ ಇಗರ್ಜಿಯಲ್ಲಿ ತಪ್ಪೊಪ್ಪಿಗೆ ಮಾಡುವವರಿಗೆ ಒಂದು ಪರದೆಯ ಸೌಕರ್ಯವಾದರೂ ಇರುತ್ತದೆ. ಹೊಳಬಸಪ್ಪನವರ ಮೈಮೇಲೆ ಇದ್ದದ್ದು ಒಂದು ದುಪ್ಪಟಿ, ಅದೂ ಅರ್ಧ. ಅವರು ಅದನ್ನು ಗದ್ದದವರೆಗೆ ಎಳೆದುಕೊಂಡು ಮೇಲ್ಛಾವಣಿಗೆ ಹೇಳಿದರು:

“ನಾ ನಿಂತಿರ್ಲಿಲ್ರೀ. ರಸ್ತಾದಾಗ ಇರ್ಲಿಲ್ಲ. ರಘುರಾಮವ್ರ ಹೋಟೆಲ್ನ್ಯಾಗ ಹಿಂದಿನ ಬೆಂಚಿನ ಮ್ಯಾಲೆ ಕುಂತಿದ್ದೆ. ಎರಡ ಪ್ಲೇಟ್ ಉಳ್ಳಾಗಡ್ಡಿ ಭಜಿ ತಿಂದೀನಿ. ನಾಕ ಕೋಟಿನ ಕಿಸೆದಾಗ ಇದ್ದೂವು. ಗುಂಡು ಕಿಸೆದಾಗ ಹಾದು ಬಂದದ.”

ಅಪ್ಪಾಸಾಹೇಬರು ಕೈಯ ಸಾಬೂನು ತೊಳೆದುಕೊಂಡು ಮಂಚದ ಹತ್ತಿರ ಬಂದರು.

“ಕೋಟು ಎಲ್ಲದ?” ಎಂದರು ಡಾಕ್ಟರು.

“ನಾನು ತರುತ್ತೇನೆ,” ಎಂದು ರಘುರಾಮರು ಓಡಿದರು. ಆ ಕೋಣೆಯಿಂದ ಹೊರಗೆ ಹೋಗಲು ಅವರಿಗೊಂದು ಕಾರಣ ಬೇಕಿತ್ತು. ಆದರೂ ಟಾಂಗಾ ಮಾಡಿಕೊಂಡು ಬೇಗ ಬಂದರು. ಕೋಟಿನ ಎಡ ಜೇಬಿನ ಹಿಂಬದಿಯಲ್ಲಿ ಒಂದು ತೂತು, ಒಳಗೆ ಕಾಗದದ ಪೊಟ್ಟಣದಲ್ಲಿ ನಾಲ್ಕು ಭಜಿ, ನಾಲ್ಕಕ್ಕೂ ನಟ್ಟನಡುವೆ ತೂತು. ಅಪ್ಪಾಸಾಹೇಬರು ಅವನ್ನು ಸಾಲಾಗಿ ಜೋಡಿಸಿ ನೋಡಿದರು.

“ಉಳ್ಳಾಗಡ್ಡಿ ಹೊರಗಿಂದ್ಲೇ ಬಂದದ,” ಎಂದರು. “ಈಗ ಮೊದಲಿನ ಪ್ರಶ್ನಾಕ್ಕ ಉತ್ತರಾ ಹೇಳ್ರಿ. ಹೆಂಗ ಕುಂತಿದ್ರಿ?”

“ಹಿಂಗ... ಸ್ವಲ್ಪ ಬಗ್ಗಿ.”

“ಬಾಯಿಲೆ ಬ್ಯಾಡ. ಕುಂತು ತೋರಸ್ರಿ.”

ಸ್ಟೂಲು ತರಿಸಿದರು. ಇಬ್ಬರು ಹಿಡಿದು ಹೊಳಬಸಪ್ಪನವರನ್ನು ಕೂರಿಸಿದರು. ಅವರು ನರಳುತ್ತ, ಮೆಲ್ಲಗೆ, ಸೊಂಟದಲ್ಲಿ ಎರಡಾಗಿ ಮಡಚಿಕೊಂಡರು. ಬೆನ್ನು ಮಂಚದಂತೆ ಮಟ್ಟಸವಾಯಿತು. ಬಲಗೈ ಮೊಣಕಾಲಿನ ಹತ್ತಿರ ಇಲ್ಲದ ತಟ್ಟೆಗೆ ಹೋಯಿತು. ಎಡ ಅಂಗೈ ತಾನೇ ತಾನಾಗಿ ಗದ್ದದ ಕೆಳಗೆ ಬಂದು ನಿಂತಿತು.

ಪಾರವ್ವನವರು ಆ ಅಂಗೈಯನ್ನೇ ನೋಡುತ್ತಿದ್ದರು. ಒಂದು ದಿನಕ್ಕೆ ಬರುವ ಭಂಗಿ ಅದಲ್ಲ.

“ಎಷ್ಟ ವರ್ಷದ ರೂಢೀರಿ ಇದು?” ಎಂದರು.

“ಹತ್ತು,” ಎಂದರು ಹೊಳಬಸಪ್ಪನವರು, ನೆಲಕ್ಕೆ.

ಅಪ್ಪಾಸಾಹೇಬರಿಗೆ ಈ ಮಾತುಕತೆ ಕೇಳಿಸಿದಂತಿರಲಿಲ್ಲ. ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ, ಸೊಂಟದ ಗಾಯದಿಂದ ಬೆನ್ನಿನ ಉದ್ದಕ್ಕೂ ದೃಷ್ಟಿ ಹರಿಸಿದರು. ಬೆರಳನ್ನು ಗಾಯದ ಹತ್ತಿರ ಇಟ್ಟು, ಒತ್ತುತ್ತ, ಮೆಲ್ಲಗೆ ಮೇಲೆ ತಂದರು. ಎಡ ಭುಜದ ಎಲುಬಿನ ಪಕ್ಕದಲ್ಲಿ ಬೆರಳು ನಿಂತಿತು. ಚರ್ಮದ ಕೆಳಗೆ ಕಡಲೆಕಾಳಿನಷ್ಟು ಗಟ್ಟಿ.

“ಅಯ್ಯಯ್ಯೋ,” ಎಂದರು ಹೊಳಬಸಪ್ಪ. “ಅಲ್ಲೇ ನೋಯ್ತದ ಅಂತ ಟಾಂಗಾದಾಗಿಂದ ಬಡಕೊಳ್ಳಾಕತ್ತೀನ್ರಿ.”

“ನೀವು ಖರೇ ಹೇಳಿದ್ದು ಅದೊಂದ. ಅದನ್ನೂ ನಾ ತಪ್ಪ ತಿಳಕೊಂಡೆ,” ಎಂದರು ಅಪ್ಪಾಸಾಹೇಬರು. ಮೂರೂವರೆಗೆ, ಕ್ಲೋರೋಫಾರ್ಮ್ ಇಲ್ಲದೆ, ಮರಗಟ್ಟಿಸುವ ಒಂದು ಸೂಜಿ ಚುಚ್ಚಿ, ಅರ್ಧ ಇಂಚು ಕೊಯ್ದರು. ಗುಂಡು ಎನಾಮಲ್ ತಟ್ಟೆಯಲ್ಲಿ ಟಣ್ ಎಂದು ಬಿತ್ತು. ಸೊಂಟದಿಂದ ಭುಜದವರೆಗೆ ಅದು ಚರ್ಮದ ಅಡಿಯಲ್ಲೇ, ಕೊಬ್ಬಿನ ಒಳಗೇ ಹಾದಿ ಮಾಡಿಕೊಂಡು ಬಂದಿತ್ತು. ಕರುಳಿನ ಗೊಡವೆಗೆ ಹೋಗಿರಲಿಲ್ಲ.

“ತಾಯಿ,” ಎಂದರು ಡಾಕ್ಟರು, “ಇವರು ಉಪಾಸ ಮಾಡಿ ನೆಟ್ಟಗ ನಿಂತಿದ್ರ ಇಷ್ಟೊತ್ತಿಗೆ ಮುಗೀತಿತ್ತು. ಹಲಗಿ ಗುಂಡಿನ ಜೋರು ಇಳಿಸ್ತು. ಬಗ್ಗಿದ್ದರಿಂದ ಹೊಟ್ಟಿ ಉಳೀತು. ಮ್ಯಾಲೆ ಬೆನ್ನಿನ ಮ್ಯಾಲಿನ ಕೊಬ್ಬು.”

“ಅದು ತೇಜಸ್ಸು ಅಂದ್ಕೊಂಡಿದ್ದೆ,” ಎಂದರು ಪಾರವ್ವ.

ಗೌರಾಬಾಯಿ ಇಷ್ಟನ್ನೂ ಅರ್ಧ ಕನ್ನಡ, ಅರ್ಧ ಅಂದಾಜಿನಲ್ಲಿ ಅರ್ಥ ಮಾಡಿಕೊಂಡು, ಪಾರವ್ವನವರ ಕಿವಿಯ ಹತ್ತಿರ ಬಾಗಿ, “ಪಾರುತಾಯಿ, ನವಸಾಚಂ ಕಾಯ?” ಎಂದರು. ಹರಕೆಯ ಗತಿ ಏನು ಎಂದು. ಪಾರವ್ವ ಹೋಳಿಗೆಗೆ ಹೊತ್ತಾಯಿತೆಂದು ಸೆರಗು ಕಟ್ಟಿ ಮನೆಗೆ ಹೊರಟರು.

ಸಂಜೆ ಜಂಗಮರ ಊಟ ತಪ್ಪಲಿಲ್ಲ. ಹೋಳಿಗೆ ಬಡಿಸುತ್ತ ಪಾರವ್ವನವರು ಯಾರು ಕೇಳಿದರೂ, “ಬಗ್ಗಿದ್ರು, ಅದಕ್ಕ ಉಳದ್ರು,” ಎಂದಷ್ಟೇ ಹೇಳಿದರು. ಶಿವನ ಮುಂದೆ ಬಾಗಿದವನನ್ನು ಗುಂಡು ಏನು ಮಾಡೀತು ಎಂದು ಹಿರಿಯರು ತಲೆದೂಗಿದರು. ಪಾರವ್ವ ಸುಳ್ಳು ಹೇಳಿರಲಿಲ್ಲ, ತಿದ್ದಲೂ ಇಲ್ಲ. ಶಾಲನ್ನು ಮಾತ್ರ ತಾವೇ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದರು.

ಹತ್ತು ದಿನ ಅಪಾಯ ಇದ್ದೇ ಇತ್ತು. ಗುಂಡು ಹೊರಗೆ ಬಂದರೂ ಅದು ತಂದಿಟ್ಟ ಕೊಳೆ ಒಳಗಿರುತ್ತದೆ ಎಂದು ಅಪ್ಪಾಸಾಹೇಬರು ಗಾಯ ಹೊಲಿಯದೆ ತೆರೆದಿಟ್ಟು ದಿನಕ್ಕೆ ಎರಡು ಸಲ ತೊಳೆಸಿದರು. ಪಾರವ್ವ ಎರಡು ಹೊತ್ತೂ ಬಂದು ಗಂಜಿ ಕುಡಿಸಿದರು, ಮೈ ಒರೆಸಿದರು. ಜ್ವರ ಬಂತು, ಹೋಯಿತು.

ಆರು ವಾರಗಳ ನಂತರ ಒಂದು ಸೋಮವಾರ ಬೆಳಿಗ್ಗೆ ಪಾರವ್ವನವರು ಇಳಕಲ್ ಸೀರೆ ಉಟ್ಟು, ತೂತನ್ನು ಹೊಲಿದಿದ್ದ ಕೋಟು ಹಿಡಿದು ಬಂದು ನಿಂತರು.

“ಹಾಕ್ಕೋರಿ.”

“ಎಲ್ಲಿಗೆ?”

“ಕ್ಯಾಂಪಿಗೆ.”

ಟಾಂಗಾ ರಘುರಾಮರ ಹೋಟೆಲಿನ ಮುಂದೆ ನಿಂತಾಗ ರಘುರಾಮರಿಗೆ ಹಿಂಬಾಗಿಲು ನೆನಪಾಯಿತು, ಓಡಲು ಹೊತ್ತಾಗಲಿಲ್ಲ. ಪಾರವ್ವನವರು ಹುಟ್ಟಿದಾರಭ್ಯ ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ಸೆರಗು ಬಿಗಿದುಕೊಂಡು ನೇರವಾಗಿ ಹಿಂದಿನ ಕೋಣೆಗೆ ಹೋದರು. ಹಲಗೆಯ ತೂತನ್ನು ನೋಡಿ ಕೈಮುಗಿದರು. ಎದುರಿನ ಬೆಂಚಿನ ತುದಿಯಲ್ಲಿ ಕೂತರು.

“ಇಲ್ಲೇ ಅಲ್ಲರೀ? ಕೂಡ್ರಿ. ಬಗ್ರಿ. ರಘುರಾಮವ್ರ, ಒಂದ ಪ್ಲೇಟು ಉಳ್ಳಾಗಡ್ಡಿ ಭಜಿ ತರ್ರಿ.”

“ನೋಡು, ಅದು ಆ ಹೊತ್ತಿನ್ಯಾಗ ಆಡಿದ ಮಾತು,” ಎಂದರು ಹೊಳಬಸಪ್ಪ. “ಶಿವಗೂ ತಿಳೀತದ.”

“ಶಿವಗ ತಿಳೀತದ. ಗೌರಾಬಾಯಿಗೆ ತಿಳಿಯಂಗಿಲ್ಲ. ಜಾಗಾ ಇದ, ಇದ್ದದ್ದು ಹಿಂಗ, ಮಾಡಿದ್ದು ಇದನ್ನ. ನಾ ಮಾತು ಕೊಟ್ಟೀನಿ. ನಿಮ್ಮಂಗ ಮಾತು ಕೊಟ್ಟು ಭಜಿ ತಿನ್ನಾಕ ಬರಂಗಿಲ್ಲ ನನಗ. ಈಗ ಭಜಿ ತಿಂದ ಮಾತು ಉಳಿಸಬೇಕು.”

“ನೀರಾದರೂ ಕುಡಿಯಿರಿ ಅಕ್ಕಾ,” ಎಂದರು ರಘುರಾಮರು.

“ನಂದು ಉಪಾಸ,” ಎಂದರು ಪಾರವ್ವ. ಹಳೆಯ ಹರಕೆಯಲ್ಲಿ ಹತ್ತು ವರ್ಷ ಬಾಕಿ ಉಳಿದಿತ್ತು. ಅದನ್ನು ಅವರು ತಮ್ಮ ಮೇಲೆ ಹಾಕಿಕೊಂಡಿದ್ದರು.

ಹೊಳಬಸಪ್ಪನವರಿಗೆ ಮೊದಲ ಸೋಮವಾರ ಸ್ವರ್ಗವೆನಿಸಿತು. ಮೂರನೆಯದರಲ್ಲಿ ಅದು ಬರೀ ಭಜಿ. ಎದುರಿಗೆ ಹಸಿದ ಹೆಂಡತಿ ತುಟಿ ಬಿಗಿದು ಒಂದೊಂದು ತುತ್ತನ್ನೂ ಎಣಿಸುವಂತೆ ನೋಡುತ್ತಿರುವಾಗ, ಕದ್ದು ತಿಂದದ್ದರ ರುಚಿ ಎಲ್ಲಿತ್ತು ಎಂಬುದು ಅವರಿಗೆ ತಡವಾಗಿ ತಿಳಿಯಿತು. ಎರಡನೆಯ ವರ್ಷ ಪಿತ್ತವಾಗಿದೆ ಎಂದು ಅಪ್ಪಾಸಾಹೇಬರ ಹತ್ತಿರ ಹೋಗಿ, ಸೋಮವಾರ ಉಪವಾಸ ಮಾಡಬೇಕೆಂದು ಚೀಟಿ ಬರೆದುಕೊಡಿ ಎಂದು ಬೇಡಿಕೊಂಡರು. ಅಪ್ಪಾಸಾಹೇಬರು, “ನಿಮಗ ಉಪಾಸ ಬರದು ಕೊಟ್ರ ನನ್ನ ಸನ್ನದು ಹೋಗತದ,” ಎಂದು ಸೋಡಾಪುಡಿ ಕೊಟ್ಟು ಕಳುಹಿಸಿದರು. ನಾಲ್ಕನೆಯ ವರ್ಷದಿಂದ ಹೊಳಬಸಪ್ಪನವರು ಪಾರವ್ವ ಅತ್ತ ನೋಡಿದಾಗ ಒಂದೊಂದು ಭಜಿಯನ್ನು ಮೆಲ್ಲಗೆ ಎಡ ಜೇಬಿಗೆ ಇಳಿಸಿ, ಹೊರಗೆ ಬಂದು ಮಾರ್ತಾಂಡನಿಗೆ ಕೊಡತೊಡಗಿದರು. ಮಾರ್ತಾಂಡ ಅದನ್ನು ತಪ್ಪುಕಾಣಿಕೆಯಂತೆ, ಮರುಮಾತಿಲ್ಲದೆ ತಿಂದ. ಅವನೂ ದಪ್ಪಗಾದ.

ಯುದ್ಧ ಬಂತು. ಎಣ್ಣೆ ತುಟ್ಟಿಯಾಯಿತು, ಭಜಿ ಸಣ್ಣದಾಯಿತು, ಹರಕೆ ಸಣ್ಣದಾಗಲಿಲ್ಲ. ೧೯೪೨ರ ಶ್ರಾವಣದಲ್ಲಿ ಚಳವಳಿಯ ಹರತಾಳಕ್ಕೆ ಊರಿಗೆ ಊರೇ ಬಾಗಿಲು ಹಾಕಿದ್ದ ಒಂದು ಸೋಮವಾರವೂ, ರಘುರಾಮರು ಹಿಂದಿನ ಬಾಗಿಲು ಅರ್ಧ ತೆರೆದು ಇಬ್ಬರನ್ನೂ ಒಳಗೆ ಕರೆದುಕೊಂಡರು.

ಅದೇ ತಿಂಗಳ ಕೊನೆಯ ಸೋಮವಾರ ಎರಡನೆಯ ಉದ್ಯಾಪನೆ. ಈ ಸಲ ಶಾಲಿಲ್ಲ, ಜಂಗಮರಿಲ್ಲ. ಪಾರವ್ವನವರ ಹತ್ತು ವರ್ಷದ ಉಪವಾಸ ಹಿಂದಿನ ವರ್ಷವೇ ತೀರಿತ್ತು. ಐವತ್ತೊಂಬತ್ತು ವರ್ಷದ ಹೊಳಬಸಪ್ಪನವರು ಬಗ್ಗಿದರು; ಈಗೀಗ ಮತ್ತೆ ಏಳಲು ಒಬ್ಬರ ಕೈ ಬೇಕಾಗುತ್ತಿತ್ತು. ಕೊನೆಯ ಭಜಿಯೊಂದು ತಟ್ಟೆಯಲ್ಲಿ ಉಳಿದಿತ್ತು. ಹರಕೆ ಹೊತ್ತವರೂ ಪ್ರಸಾದ ತೆಗೆದುಕೊಂಡರೇ ಉದ್ಯಾಪನೆ ಮುಗಿಯುವುದು ಎಂದು ಪಾರವ್ವನವರಿಗೆ ನೆನಪಾಯಿತು. ಎದ್ದು ಬಂದು ಗಂಡನ ಪಕ್ಕದಲ್ಲಿ, ಹಲಗೆಯ ತೂತಿಗೆ ಬೆನ್ನು ಮಾಡಿ ಕೂತರು. ಭಜಿಯನ್ನು ಕಣ್ಣಿಗೊತ್ತಿಕೊಂಡರು. ಕಿಟಕಿಯ ಕಡೆ ಒಮ್ಮೆ ನೋಡಿ, ಅವರೂ ಬಗ್ಗಿದರು. ರಘುರಾಮರು ಜಾಲರಿ ಹಿಡಿದವರು ಹಾಗೇ ನಿಂತುಬಿಟ್ಟರು.

ಪಾರವ್ವ ಮೆಲ್ಲಗೆ ಅಗಿದರು. ನುಂಗಿದರು.

“ಉಪ್ಪು ಕಡಿಮಿ ಅದ,” ಎಂದರು. “ಇದಕ್ಕ ಹತ್ತ ವರ್ಷ ಸುಳ್ಳ ಹೇಳಿದ್ರೇನು?”

“ಆಗ ಉಪ್ಪು ಬರೋಬ್ಬರಿ ಇರ್ತಿತ್ತು,” ಎಂದರು ಹೊಳಬಸಪ್ಪನವರು, ಬಗ್ಗಿದಲ್ಲಿಂದಲೇ. “ಏಳಾಕ ಸ್ವಲ್ಪ ಕೈ ಕೊಡು.”